ಗೆಲ್ಲಬಹುದು, ಗೆಲ್ಲಬೇಕು

2021ರ ಸೆಪ್ಟೆಂಬರ್ 25, ಶನಿವಾರ ರಾತ್ರಿ. ಅಮೆರಿಕದ ಓಕ್ಲಹೋಮ ರಾಜ್ಯದ ನಾರ್ಮನ್ ಎಂಬ ಊರಿನಲ್ಲಿ ಯೂನಿವರ್ಸಿಟಿಯ ಸ್ಟೇಡಿಯಂ. 80 ಸಾವಿರಕ್ಕೂ ಹೆಚ್ಚು ಜನ ಹಿಡಿಸುವ ಜಾಗ ಅದು. ವೆಸ್ಟ್ ವರ್ಜೀನಿಯ ತಂಡದ ಮೇಲೆ ಪಂದ್ಯ ನಡೀತಾ ಇತ್ತು. ನಡುವೆ ವಿದ್ಯಾರ್ಥಿಗಳು ಕೂತಿದ್ದ ಕಡೆಯಿಂದ ಒಂದು ಕೂಗು ಎದ್ದಿತು: "ವಿ ವಾಂಟ್ ಕೇಲೆಬ್". ನಮಗೆ ಕೇಲೆಬ್ ಬೇಕು.

ಕೇಲೆಬ್ ವಿಲಿಯಮ್ಸ್ ಆಗ ಬೆಂಚಿನ ಮೇಲೆ ಕೂತಿದ್ದ 19ರ ಹುಡುಗ. ಮೈದಾನದಲ್ಲಿ ಆಡುತ್ತಿದ್ದವನು ಸ್ಪೆನ್ಸರ್ ರ‍್ಯಾಟ್ಲರ್. ವಯಸ್ಸು 20, ಇನ್ನು ಮೂರು ದಿನ ಕಳೆದಿದ್ದರೆ 21 ತುಂಬುತ್ತಿತ್ತು. ಕೂಗಿದವರು ಎದುರು ತಂಡದವರಲ್ಲ. ಅವನದೇ ಯೂನಿವರ್ಸಿಟಿಯವರು. ಅವನ ಜೊತೆ ಅದೇ ಕ್ಯಾಂಪಸ್ಸಿನಲ್ಲಿ ಓಡಾಡುವ, ಅವನ ನಂಬರಿನ ಅಂಗಿ ಹಾಕಿಕೊಂಡು ಬಂದಿರಬಹುದಾದ ಹುಡುಗ ಹುಡುಗಿಯರು. ಇನ್ನೂ ಒಂದು ವಿಷಯ ಹೇಳಬೇಕು: ಆ ಹೊತ್ತಿಗೆ ತಂಡ ಆ ಸೀಸನ್ನಿನಲ್ಲಿ ಮೂರು ಪಂದ್ಯ ಆಡಿತ್ತು, ಮೂರನ್ನೂ ಗೆದ್ದಿತ್ತು. ಆ ರಾತ್ರಿಯ ಪಂದ್ಯವನ್ನೂ 16-13ರಿಂದ ಗೆದ್ದಿತು.

ಸೋಲದೇ ಇರುವ ತಂಡದ ನಾಯಕನನ್ನು ಅವನ ಮನೆಯಂಗಳದಲ್ಲೇ "ನೀನು ಬೇಡ" ಅನ್ನೋದಕ್ಕೆ ಕಾರಣ ಏನು? ಅವನು ಸ್ಟಾರ್ಟರ್ ಆಗಿ ಎರಡನೇ ವರ್ಷ ಆಡುತ್ತಿದ್ದ. ಕಾರಣ ಅಷ್ಟೇ ಅಂತ ನನ್ನ ಲೆಕ್ಕ.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಅಮೆರಿಕನ್ ಫುಟ್‌ಬಾಲಿನಲ್ಲಿ ತಂಡದ ಕೈಗೆ ಚೆಂಡು ಬಂದಾಗ ಒಂದು ಹನ್ನೊಂದು ಜನ ಆಡ್ತಾರೆ, ಎದುರಾಳಿಯ ಕೈಗೆ ಹೋದಾಗ ಬೇರೆ ಹನ್ನೊಂದು ಜನ ಇಳಿಯುತ್ತಾರೆ. ಮೊದಲ ಹನ್ನೊಂದರಲ್ಲಿ ಚೆಂಡನ್ನು ಕೈಗೆ ತಗೊಂಡು ಯಾರಿಗೆ ಎಸೆಯಬೇಕು, ಯಾರ ಕೈಗೆ ಕೊಡಬೇಕು ಅಂತ ಎರಡು ಮೂರು ಸೆಕೆಂಡಿನಲ್ಲಿ ತೀರ್ಮಾನ ಮಾಡುವವನು ಕ್ವಾರ್ಟರ್‌ಬ್ಯಾಕ್. ಒಂದು ತಂಡದಲ್ಲಿ ಆ ಜಾಗ ಒಂದೇ. ಕ್ರಿಕೆಟ್ಟಿನಲ್ಲಿ ಒಬ್ಬ ಬ್ಯಾಟ್ಸ್‌ಮನ್ ಕೈ ಕೊಟ್ಟರೆ ಇನ್ನೂ ಹತ್ತು ಜನ ಇರ್ತಾರೆ. ಇಲ್ಲಿ ಹಾಗಲ್ಲ. ಅದಕ್ಕೇ ಗೆದ್ದರೆ ಹೊಗಳಿಕೆಯೂ ಸೋತರೆ ಬೈಗುಳವೂ ಅವನೊಬ್ಬನ ಮೇಲೆ ಬೀಳುತ್ತೆ. ಕಾಲೇಜು ಮಟ್ಟದಲ್ಲಿ ಅವನು ಸಾಮಾನ್ಯವಾಗಿ ಹದಿನೆಂಟರಿಂದ ಇಪ್ಪತ್ತೆರಡರ ಒಳಗಿನ ವಿದ್ಯಾರ್ಥಿ.

ರ‍್ಯಾಟ್ಲರ್‌ನ ಮೊದಲ ವರ್ಷ 2020. ತಂಡ 9 ಪಂದ್ಯ ಗೆದ್ದು 2 ಸೋತಿತು, ತನ್ನ ವಲಯದ ಚಾಂಪಿಯನ್ ಆಯಿತು. ಅವನು 3,031 ಗಜ ಎಸೆದ, 28 ಟಚ್‌ಡೌನ್ ಪಾಸ್ ಕೊಟ್ಟ. ಡಿಸೆಂಬರ್ 30ರಂದು ಕೊನೆಯ ಪಂದ್ಯದಲ್ಲಿ ಫ್ಲಾರಿಡ ತಂಡವನ್ನು 55-20ರಿಂದ ಸದೆಬಡಿದರು. ಆಮೇಲೆ ಎಂಟು ತಿಂಗಳು ಪಂದ್ಯವೇ ಇಲ್ಲ.

ನನಗೆ ಈ ಎಂಟು ತಿಂಗಳ ಬಗ್ಗೆಯೇ ಹೆಚ್ಚು ಕುತೂಹಲ. ಕಾಲೇಜು ಫುಟ್‌ಬಾಲಿನಲ್ಲಿ ಜನವರಿಯಿಂದ ಆಗಸ್ಟ್‌ವರೆಗೆ ಆಟ ಇರಲ್ಲ, ಮಾತು ಇರುತ್ತೆ. ರೇಡಿಯೋದಲ್ಲಿ, ಟೀವಿಯಲ್ಲಿ, ಪಾಡ್‌ಕಾಸ್ಟಿನಲ್ಲಿ, ಕಾಫಿ ಮೆಷೀನಿನ ಪಕ್ಕದಲ್ಲಿ. ನಾನು ಕೆಲವು ವರ್ಷ ಡಾಲಸ್ ಪಕ್ಕದ ಊರಿನಲ್ಲಿ ಕೆಲಸ ಮಾಡ್ತಿದ್ದಾಗ ನೋಡಿದ್ದೇನೆ, ಜೂನ್ ತಿಂಗಳ ಬೆಂಕಿಯಂಥ ಬಿಸಿಲಲ್ಲಿ ನಿಂತು ಮುಂದಿನ ಅಕ್ಟೋಬರಿನ ಪಂದ್ಯದ ಬಗ್ಗೆ ಜಗಳ ಆಡ್ತಾರೆ. ಆ ತಿಂಗಳುಗಳಲ್ಲಿ ಹುಡುಗ ಒಂದು ಚೆಂಡೂ ಎಸೆದಿರಲ್ಲ. ಆದರೆ ಅವನು ಬೆಳೀತಾ ಹೋಗ್ತಾನೆ. 2021ರ ಆಗಸ್ಟ್ ಹೊತ್ತಿಗೆ ಓಕ್ಲಹೋಮ ದೇಶದ ಎರಡನೇ ರ‍್ಯಾಂಕಿನ ತಂಡ. ದೇಶದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿಗೆ ರ‍್ಯಾಟ್ಲರ್ ಎಲ್ಲರ ಬಾಯಲ್ಲಿದ್ದ ಹೆಸರು. ಜೊತೆಗೆ ಪೂರ್ವಜರ ಭಾರ ಬೇರೆ. ಕೋಚ್ ಲಿಂಕನ್ ರೈಲಿ ಕೈಕೆಳಗೆ ಅದೇ ಜಾಗದಲ್ಲಿ ಆಡಿದ ಬೇಕರ್ ಮೇಫೀಲ್ಡ್ 2017ರಲ್ಲಿ, ಕೈಲರ್ ಮರ‍್ರಿ 2018ರಲ್ಲಿ ಹೈಸ್‌ಮನ್ ಗೆದ್ದಿದ್ದರು. 2019ರಲ್ಲಿ ಜೇಲನ್ ಹರ್ಟ್ಸ್ ಎರಡನೆಯವನಾಗಿ ಬಂದಿದ್ದ. ಅಣ್ಣಂದಿರು ಮೂವರೂ ರ‍್ಯಾಂಕ್ ಬಂದ ಮನೆಯಲ್ಲಿ ನಾಲ್ಕನೆಯವನ ಗತಿ ಏನು ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಕನ್ನಡದಲ್ಲಿ ಈ ವಿಷಯಕ್ಕೆ ಎರಡು ಸಣ್ಣ ಪದ ಇವೆ. ಬಹುದು, ಬೇಕು. "ಈ ಹುಡುಗ ಈ ಸಲ ಗೆಲ್ಲಬಹುದು" ಅನ್ನೋದು ಲೋಕದ ಬಗ್ಗೆ ಒಂದು ಅಂದಾಜು. ತಪ್ಪಾದರೆ ಅಂದಾಜು ಮಾಡಿದವನು ತಪ್ಪಿದ ಅಂತ ಅರ್ಥ. "ಈ ಹುಡುಗ ಈ ಸಲ ಗೆಲ್ಲಬೇಕು" ಅನ್ನೋದು ಆ ಹುಡುಗನ ಮೇಲೆ ಹೇರಿದ ಕರಾರು. ಅದು ನಡೆಯದಿದ್ದರೆ ತಪ್ಪಿದವನು ಹುಡುಗ. ಜನವರಿಯಲ್ಲಿ "ಬಹುದು" ಅಂತ ಶುರುವಾಗಿದ್ದು ಆಗಸ್ಟ್ ಹೊತ್ತಿಗೆ "ಬೇಕು" ಆಗಿರುತ್ತೆ. ಯಾವತ್ತು ಬದಲಾಯ್ತು, ಯಾರು ಬದಲಾಯಿಸಿದರು, ಯಾರಿಗೂ ನೆನಪಿರಲ್ಲ.

ಸಾಫ್ಟ್‌ವೇರಿನವರಿಗೆ ಇದು ದಿನಾ ಆಗುವ ಅನುಭವ. ಈ ಕೆಲಸಕ್ಕೆ ಎಷ್ಟು ದಿನ ಹಿಡಿಯುತ್ತೆ ಅಂತ ಕೇಳ್ತಾರೆ. ಒಂದು ಹತ್ತು ದಿನ ಆಗಬಹುದು ಅಂತೀರಿ. ಎರಡು ಮೀಟಿಂಗ್ ದಾಟುವಷ್ಟರಲ್ಲಿ ಅದು "ನೀವೇ ಹತ್ತು ದಿನ ಅಂದಿದ್ರಲ್ಲ" ಆಗಿರುತ್ತೆ. ಕ್ಲೈಂಟಿನ ಸ್ಲೈಡಿನಲ್ಲಿ ತಾರೀಖು ಬಿದ್ದಿರುತ್ತೆ. ಆದರೆ ನಮ್ಮ ವಿಷಯದಲ್ಲಿ ಅಂದಾಜು ಕೊಟ್ಟವರು ನಾವೇ, ಅಷ್ಟರ ಮಟ್ಟಿಗೆ ನಾವೂ ಪಾಲುದಾರರು. ಕ್ವಾರ್ಟರ್‌ಬ್ಯಾಕ್‌ನ ವಿಷಯದಲ್ಲಿ ಅಂದಾಜು ಕೊಟ್ಟವರು ಬೇರೆ, ತಾರೀಖು ಬರೆದವರು ಬೇರೆ, ಸಹಿ ಮಾತ್ರ ಅವನದು. ಅದನ್ನೂ ಅವನು ಹಾಕಿದ್ದಲ್ಲ.

ಇನ್ನು ಆ ಅಂದಾಜಾದರೂ ಸರಿ ಇತ್ತಾ? ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ತಂದೆತಾಯಿಯರ ಎತ್ತರ, ಮಕ್ಕಳ ಎತ್ತರ ಹೋಲಿಸಿ ಒಂದು ಸಂಗತಿ ತೋರಿಸಿದ. ತುಂಬಾ ಎತ್ತರದವರ ಮಕ್ಕಳು ಸರಾಸರಿಯಲ್ಲಿ ಅವರಷ್ಟು ಎತ್ತರ ಇರಲ್ಲ, ಜನಸಾಮಾನ್ಯರ ಎತ್ತರದ ಕಡೆಗೆ ಸ್ವಲ್ಪ ಜಾರಿರ್ತಾರೆ. ಮಕ್ಕಳು ಕೆಟ್ಟರು ಅಂತಲ್ಲ. ಅತಿ ಎತ್ತರದಲ್ಲಿ ಸ್ವಲ್ಪ ಪಾಲು ಅದೃಷ್ಟದ್ದೂ ಇರುತ್ತೆ, ಅದೃಷ್ಟ ಎರಡು ಸಲ ಅದೇ ಅಳತೆಯಲ್ಲಿ ಬರಲ್ಲ, ಅಷ್ಟೇ. ಕ್ವಾರ್ಟರ್‌ಬ್ಯಾಕ್‌ಗಳ ವಿಷಯದಲ್ಲಿ ನಾವು ಎರಡನೇ ವರ್ಷದ ನಿರೀಕ್ಷೆ ಹೊರಿಸೋದು ಯಾರ ಮೇಲೆ? ಮೊದಲ ವರ್ಷ ಅತಿ ಚೆನ್ನಾಗಿ ಆಡಿದವರ ಮೇಲೆ ಮಾತ್ರ. ಸಾಧಾರಣವಾಗಿ ಆಡಿದವನ ಬಗ್ಗೆ ಯಾರೂ ಪಾಡ್‌ಕಾಸ್ಟ್ ಮಾಡಲ್ಲ. ಅಂದರೆ ಜಾರುವ ಸಾಧ್ಯತೆ ಹೆಚ್ಚಿರುವವರನ್ನೇ ಆರಿಸಿ, ಏರಬೇಕು ಅಂತ ಹೇಳ್ತೀವಿ. ಹೈಸ್‌ಮನ್ ಟ್ರೋಫಿ 1935ರಿಂದ ಇದೆ. ಅದನ್ನು ಎರಡು ಸಲ ಗೆದ್ದವನು ಒಬ್ಬನೇ, ಒಹಾಯೊ ಸ್ಟೇಟ್‌ನ ಆರ್ಚಿ ಗ್ರಿಫಿನ್, 1974 ಮತ್ತು 1975ರಲ್ಲಿ. ಅವನು ಕ್ವಾರ್ಟರ್‌ಬ್ಯಾಕ್ ಕೂಡ ಅಲ್ಲ, ಚೆಂಡು ಹಿಡಿದು ಓಡುವವನು.

ಅದೃಷ್ಟ ಬಿಟ್ಟರೂ ಬೇರೆ ಕಾರಣ ಬೇಕಾದಷ್ಟಿವೆ. ಮೊದಲ ವರ್ಷ ಎದುರಾಳಿ ಕೋಚ್‌ಗಳಿಗೆ ಅವನ ಆಟದ ವಿಡಿಯೋ ಹೆಚ್ಚು ಇರಲ್ಲ. ಎರಡನೇ ವರ್ಷದ ಹೊತ್ತಿಗೆ ಅವನು ಒತ್ತಡದಲ್ಲಿ ಯಾವ ಕಡೆ ಓಡ್ತಾನೆ, ಯಾರ ಕಡೆ ಮೊದಲು ನೋಡ್ತಾನೆ, ಎಲ್ಲ ಕಡತಕ್ಕೆ ಹೋಗಿರುತ್ತೆ. ಅವನ ಸುತ್ತ ಇದ್ದವರೂ ಚದುರಿರ್ತಾರೆ. 2020ರಲ್ಲಿ ರ‍್ಯಾಟ್ಲರ್ ಕೈಗೆ ಪ್ರತಿ ಸಲ ಚೆಂಡು ಕೊಟ್ಟು ಮುಂದೆ ಗೋಡೆಯಾಗಿ ನಿಲ್ಲುತ್ತಿದ್ದ ಸೆಂಟರ್ ಕ್ರೀಡ್ ಹಂಫ್ರಿ 2021ರಲ್ಲಿ ವೃತ್ತಿಪರ ಲೀಗಿನ ಕಾನ್ಸಸ್ ಸಿಟಿ ತಂಡಕ್ಕೆ ಹೋಗಿದ್ದ. ಓಟಗಾರ ರಮೋಂಡ್ರೆ ಸ್ಟೀವನ್‌ಸನ್ ನ್ಯೂ ಇಂಗ್ಲೆಂಡ್ ಸೇರಿದ್ದ. ಇವರ ಜಾಗದಲ್ಲಿ ಬೇರೆಯವರು. ಇಷ್ಟಾದರೂ ಆ ವರ್ಷ ರ‍್ಯಾಟ್ಲರ್ ಎಸೆದ 187 ಪಾಸುಗಳಲ್ಲಿ 140 ತನ್ನವರ ಕೈಗೇ ಸೇರಿದವು. ನೂರಕ್ಕೆ ಸುಮಾರು 75. ಹಿಂದಿನ ವರ್ಷ ಅದು 67.5 ಇತ್ತು. ದೂರದ ಎಸೆತ ಕಮ್ಮಿ ಆಗಿತ್ತು, ಆಟ ಸಪ್ಪೆ ಅನ್ನಿಸುತ್ತಿತ್ತು, ಒಪ್ಪೋಣ. ಆದರೆ "ಕೆಟ್ಟ" ಅನ್ನುವಂಥದ್ದು ಆ ಲೆಕ್ಕದಲ್ಲಿ ನನಗೆ ಕಾಣಲ್ಲ. ಅವನು ಆಡಿದ್ದು ತನ್ನ ಹಿಂದಿನ ವರ್ಷದ ಜೊತೆಗಾಗಿದ್ದರೆ ಡ್ರಾ ಆಗ್ತಿತ್ತೇನೋ. ಅವನನ್ನು ನಿಲ್ಲಿಸಿದ್ದು ಎಂಟು ತಿಂಗಳ ಮಾತಿನಲ್ಲಿ ಬೆಳೆದಿದ್ದ ಇನ್ನೊಬ್ಬ ರ‍್ಯಾಟ್ಲರ್ ಎದುರು.

ಇದಕ್ಕೆ ಉಲ್ಟಾ ಉದಾಹರಣೆಯೂ ಇದೆ, ಅದನ್ನು ಬಿಟ್ಟು ವಾದ ಮಾಡೋದು ಮೋಸ. ಲೂಸಿಯಾನದ ಎಲ್‌ಎಸ್‌ಯು ತಂಡದ ಜೋ ಬರೋ. ಸ್ಟಾರ್ಟರ್ ಆಗಿ ಮೊದಲ ವರ್ಷ, 2018ರಲ್ಲಿ, 16 ಟಚ್‌ಡೌನ್ ಪಾಸ್, ನೂರಕ್ಕೆ 57.8 ಗುರಿ. ಪರವಾಗಿಲ್ಲ ಅನ್ನುವಂಥ ಆಟ. ಎರಡನೇ ವರ್ಷ 60 ಟಚ್‌ಡೌನ್, ನೂರಕ್ಕೆ 76.3, ಹದಿನೈದಕ್ಕೆ ಹದಿನೈದೂ ಪಂದ್ಯ ಗೆಲುವು, ರಾಷ್ಟ್ರೀಯ ಚಾಂಪಿಯನ್‌ಶಿಪ್, ಹೈಸ್‌ಮನ್. ಎರಡನೇ ವರ್ಷದಲ್ಲಿ ಅರಳಬಹುದು ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಆದರೆ ಆ ವರ್ಷದ ಬೇಸಿಗೆಯಲ್ಲಿ ಅವನಿಂದ ಇಂಥದ್ದನ್ನು ಯಾರೂ ಕೇಳಿರಲಿಲ್ಲ. ಆದದ್ದು ಬೇರೆ ಕೆಲಸಗಳು. ನ್ಯೂ ಆರ್ಲಿಯನ್ಸ್‌ನ ವೃತ್ತಿಪರ ತಂಡದಿಂದ ಜೋ ಬ್ರೇಡಿ ಎಂಬ ಎಳೆಯ ಕೋಚ್ ಬಂದು ಪಾಸಿಂಗ್ ಆಟವನ್ನೇ ಬದಲಾಯಿಸಿದ. ಜಾಮಾರ್ ಚೇಸ್, ಜಸ್ಟಿನ್ ಜೆಫರ್ಸನ್ ಅವನ ಎಸೆತ ಹಿಡಿಯುವವರಾಗಿ ಬೆಳೆದರು. ನಿರೀಕ್ಷೆ ಇಲ್ಲದ್ದರಿಂದಲೇ ಅವನು ಗೆದ್ದ ಅಂತ ಹೇಳೋಕೆ ನಾನು ತಯಾರಿಲ್ಲ. ಅಷ್ಟು ಸುಲಭದ ಸೂತ್ರ ಇದ್ದಿದ್ದರೆ ಎಲ್ಲ ತಂಡದವರೂ ತಮ್ಮ ಹುಡುಗನನ್ನು ಬೈದುಕೊಂಡು ಓಡಾಡ್ತಿದ್ದರು. ಅವನ ಮೇಲೆ ಭರವಸೆ ಇಟ್ಟವರು ಸುಮ್ಮನೆ ಇಟ್ಟು ಕೂರಲಿಲ್ಲ, ಅದಕ್ಕೆ ಬೇಕಾದ್ದನ್ನು ತಂದು ಮುಂದೆ ಇಟ್ಟರು. ಅಷ್ಟು ಮಾತ್ರ ಹೇಳಬಲ್ಲೆ.

ಹಾಗಾದರೆ ನಿರೀಕ್ಷೆ ಇಟ್ಟುಕೊಳ್ಳೋದೇ ತಪ್ಪಾ? ಹಾಗೆ ಅನ್ನಿಸಲ್ಲ. ಯಾರಿಂದಲೂ ಏನೂ ನಿರೀಕ್ಷಿಸದೇ ಇರೋದು ದೊಡ್ಡತನ ಅಂತ ಕೆಲವರು ಹೇಳ್ತಾರೆ. ನನಗೆ ಅದರಲ್ಲಿ ಸ್ವಲ್ಪ ತಿರಸ್ಕಾರದ ವಾಸನೆ ಬರುತ್ತೆ. ಮನೆಯಲ್ಲಿ ಯಾರಿಂದ ನಾವು ಏನನ್ನೂ ನಿರೀಕ್ಷಿಸಲ್ಲವೋ ಅವರನ್ನು ಒಳಗೊಳಗೇ ಲೆಕ್ಕದಿಂದ ಬಿಟ್ಟಿರ್ತೀವಿ. ಕೋಚ್ ಒಬ್ಬ ತನ್ನ ಕ್ವಾರ್ಟರ್‌ಬ್ಯಾಕ್‌ಗೆ, ಈ ವರ್ಷ ನೀನು ಎದುರಾಳಿ ಎಲ್ಲಿ ಬಲೆ ಹಾಕ್ತಾನೆ ಅನ್ನೋದನ್ನು ಚೆಂಡು ಕೈಗೆ ಬರೋ ಮೊದಲೇ ಓದಬೇಕು ಅಂದರೆ ಅದು ಗೌರವ. ಅಲ್ಲೂ "ಬೇಕು" ಇದೆ. ಆದರೆ ಆ "ಬೇಕು" ಅಂದವನು ಬೆಳಿಗ್ಗೆ ಹುಡುಗನ ಜೊತೆ ಕೂತು ವಿಡಿಯೋ ತೋರಿಸ್ತಾನೆ. ಅವನು ಕೇಳಿದ್ದು ಕಲಿಯಬಹುದಾದ ಸಂಗತಿಯನ್ನು. ಹುಡುಗ ತಪ್ಪಿದರೆ ಅವನ ನೌಕರಿಯೂ ಅಲುಗಾಡುತ್ತೆ.

ನಮ್ಮ ಕಡೆ ಹೋದ ವರ್ಷದ ಬೆಳೆ ನೋಡಿ ಈ ವರ್ಷದ ಸಾಲ ಮಾಡುವವರಿದ್ದಾರೆ. ಹೋದ ಸಲ ಎಕರೆಗೆ ಇಷ್ಟು ಬಂತು, ಈ ಸಲ ಅದಕ್ಕಿಂತ ಜಾಸ್ತಿಯೇ ಬರುತ್ತೆ ಅಂತ ಮದುವೆ ಇಟ್ಟುಕೊಳ್ಳೋದು, ಗಾಡಿ ತಗೊಳ್ಳೋದು. ಮಳೆ ಕೈ ಕೊಟ್ಟರೆ ಕಷ್ಟ ಸಾಲ ಮಾಡಿದವನಿಗೆ. ಪೈರಿಗೆ ಯಾರೂ ಹೊಡೆಯಲ್ಲ. ಸ್ಟೇಡಿಯಂನಲ್ಲಿ ನಡೆಯೋದು ಇದರ ತಲೆಕೆಳಗು: ಸಾಲ ಮಾಡಿದವನು ಗ್ಯಾಲರಿಯಲ್ಲಿ ಕೂತಿರ್ತಾನೆ, ತೀರಿಸೋಕೆ ಪೈರಿಗೆ ಹೇಳ್ತಾನೆ.

ಇದಕ್ಕೆ ಇವತ್ತು ಬರುವ ದೊಡ್ಡ ಆಕ್ಷೇಪ ದುಡ್ಡಿನದು. ಮೊದಲು ಕಾಲೇಜು ಆಟಗಾರರಿಗೆ ಫೀಸು, ಊಟ, ವಸತಿ ಬಿಟ್ಟರೆ ಸಂಪಾದನೆಗೆ ದಾರಿ ಇರಲಿಲ್ಲ. ಹೀಗಾಗಿ "ಪಾಪ, ಓದೋ ಹುಡುಗರು" ಅನ್ನಬಹುದಿತ್ತು. 2021ರ ಜುಲೈ 1ರಿಂದ ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಿಂದ ದುಡಿಯಬಹುದು ಅಂತಾಯಿತು. 2025ರಿಂದ ಯೂನಿವರ್ಸಿಟಿಗಳೇ ನೇರವಾಗಿ ಹಣ ಕೊಡಬಹುದು, ಒಂದೊಂದು ಯೂನಿವರ್ಸಿಟಿ ವರ್ಷಕ್ಕೆ ಸುಮಾರು 2 ಕೋಟಿ ಡಾಲರ್‌ವರೆಗೆ. ರ‍್ಯಾಟ್ಲರ್ ಆ ಬಾಗಿಲು ತೆರೆದ ಮೊದಲ ವರ್ಷದಲ್ಲೇ ದುಡ್ಡು ಕಂಡವರಲ್ಲಿ ಒಬ್ಬ. ದುಡ್ಡು ತಗೊಂಡ ಮೇಲೆ ಬೈಸಿಕೊಳ್ಳೋಕೂ ತಯಾರಿರಬೇಕು, ಅಂತ ನನ್ನ ಆಫೀಸಿನ ಗೆಳೆಯರು ವಾದಿಸ್ತಿದ್ದರು. ಅದರಲ್ಲಿ ಅರ್ಧ ಒಪ್ಪಬೇಕಾದ್ದೇ. ದುಡ್ಡು ಪಡೆದವನಿಗೆ ಹೊಣೆ ಇದೆ. ಆದರೆ ಯಾವುದರ ಹೊಣೆ? ಡಾಕ್ಟರಿಗೆ ಫೀಸು ಕೊಡ್ತೀವಿ. ಗಮನ ಇಟ್ಟು ನೋಡಿಲ್ಲ ಅಂದರೆ ಕೇಳುವ ಹಕ್ಕು ಇದೆ. ಗುಣ ಆಗಲೇಬೇಕು ಅಂತ ಕೇಳುವ ಹಕ್ಕು ಫೀಸಿನಲ್ಲಿ ಸೇರಿರಲ್ಲ, ಗುಣ ಆಗೋದು ಡಾಕ್ಟರ ಒಬ್ಬರ ಕೈಯಲ್ಲಿಲ್ಲ. ಹುಡುಗ ಅಭ್ಯಾಸಕ್ಕೆ ಬರಲಿಲ್ಲ, ಆಟದ ಪಾಠ ಓದಲಿಲ್ಲ, ಜೊತೆಯವರ ಮೇಲೆ ತಪ್ಪು ಹಾಕಿದ ಅಂದರೆ ಬೈಯಿರಿ. ಗೆಲುವು ಅವನೊಬ್ಬನ ಅಂಗಡಿಯಲ್ಲಿ ಸಿಗುವ ಸಾಮಾನಲ್ಲ. ಇನ್ನೊಂದು ಮಾತು, ಗ್ಯಾಲರಿಯಲ್ಲಿ ಕೂಗಿದ ವಿದ್ಯಾರ್ಥಿ ಅವನಿಗೆ ದುಡ್ಡು ಕೊಟ್ಟವನೂ ಅಲ್ಲ. ಕೊಟ್ಟವನು ಜಾಹೀರಾತಿನವನು, ಅವನಿಗೆ ಬೇಕಿದ್ದ ಫೋಟೋ ಅವನಿಗೆ ಸಿಕ್ಕಿತ್ತು.

ಎರಡನೇ ಆಕ್ಷೇಪ ಪ್ರೀತಿಯದು. ಇದು ದುಡ್ಡಿನದಕ್ಕಿಂತ ಗಟ್ಟಿ. ನಮ್ಮ ಟೀಮಿನಲ್ಲಿ ಓಕ್ಲಹೋಮದಲ್ಲೇ ಓದಿದ್ದ ಹಿರಿಯರೊಬ್ಬರಿದ್ದರು. ಅವರಪ್ಪನೂ ಅಲ್ಲೇ ಓದಿದವರು. ಸೀಸನ್ನಿನಲ್ಲಿ ಪ್ರತಿ ಶುಕ್ರವಾರ ಆ ಕಡುಗೆಂಪು ಅಂಗಿಯೇ. ತಂಡ ಸೋತ ಸೋಮವಾರ ಅವರ ಹತ್ತಿರ ಕೋಡ್ ರಿವ್ಯೂಗೆ ಹೋಗೋಕೆ ನಾವು ಹೆದರ್ತಿದ್ವಿ. ಇಂಥವರಿಗೆ ನೋವಾಗುವ ಹಕ್ಕಿಲ್ಲ ಅಂತ ಹೇಳೋಕೆ ನಾನ್ಯಾರು? ನಿರಾಸೆ ನಿಜ. ಅದು ನಿಜ ಆಗಿರೋದರಿಂದಲೇ ಅದಕ್ಕೊಂದು ಆರೋಪಿ ಬೇಕು ಅನ್ನಿಸುತ್ತೆ. ನಾನು ದುಃಖದಲ್ಲಿದ್ದೀನಿ, ಆದ್ದರಿಂದ ನೀನು ನನಗೆ ಏನೋ ಅನ್ಯಾಯ ಮಾಡಿದ್ದೀಯ. ಈ "ಆದ್ದರಿಂದ" ಎಷ್ಟು ಬೇಗ ಬಾಯಿಗೆ ಬರುತ್ತೆ ಅಂದರೆ ಅದು ಒಂದು ಹಾರಿಕೆ ಅಂತ ಗೊತ್ತೇ ಆಗಲ್ಲ. ಮಗನ ಪಿಯುಸಿ ಮಾರ್ಕ್ಸ್ ಕಾರ್ಡ್ ಹಿಡಿದು "ನಮ್ಮ ಮಾನ ಕಳೆದೆ" ಅನ್ನುವ ಅಪ್ಪನೂ ಹಾರುವುದು ಇದನ್ನೇ.

ಈಗ ಕೇಲೆಬ್ ಕತೆಗೆ ಬರೋಣ. ಕೂಗು ಎದ್ದ ಎರಡು ವಾರಕ್ಕೆ, ಅಕ್ಟೋಬರ್ 9ರಂದು, ಡಾಲಸ್‌ನ ಕಾಟನ್ ಬೌಲ್ ಸ್ಟೇಡಿಯಂನಲ್ಲಿ ಟೆಕ್ಸಸ್ ಮೇಲೆ ಪಂದ್ಯ. ಪಕ್ಕದಲ್ಲಿ ಜಾತ್ರೆ, ಒಳಗೆ ಅರ್ಧ ಸ್ಟೇಡಿಯಂ ಕಡುಗೆಂಪು, ಅರ್ಧ ಕಿತ್ತಳೆ. ಮೊದಲ ಕ್ವಾರ್ಟರ್ ಮುಗಿದಾಗ ಓಕ್ಲಹೋಮ 7-28ರಿಂದ ಹಿಂದೆ. ರ‍್ಯಾಟ್ಲರ್ ಕೈಯಿಂದ ಒಂದು ಚೆಂಡು ಜಾರಿತು, ಒಂದು ಎದುರಾಳಿಗೆ ಹೋಯಿತು. ರೈಲಿ ಅವನನ್ನು ಕೂರಿಸಿ ಕೇಲೆಬ್‌ನನ್ನು ಇಳಿಸಿದರು. ಓಕ್ಲಹೋಮ 55-48ರಿಂದ ಗೆದ್ದಿತು. ಕೂಗಿದವರು ಸರಿ ಅಂತಾಯಿತು. ಆಟದ ತೀರ್ಮಾನವಾಗಿ ಅದು ಸರಿಯೇ, ಅದರಲ್ಲಿ ನನಗೆ ತಕರಾರಿಲ್ಲ. ಕೋಚ್‌ಗೆ ಬದಲಾಯಿಸುವ ಅಧಿಕಾರ ಇದೆ, ಯಾರ ಜಾಗವೂ ಶಾಶ್ವತ ಅಲ್ಲ.

ಅದೇ ವರ್ಷದ ಕೊನೆಗೆ ರೈಲಿ ಲಾಸ್ ಏಂಜಲೀಸಿನ ಯುಎಸ್‌ಸಿಗೆ ಹೋದರು. ಮುಂದಿನ ವರ್ಷ ಕೇಲೆಬ್ ಅವರ ಹಿಂದೆ ಹೋದ. ಹಿಂದಿನ ವರ್ಷ 4 ಗೆದ್ದು 8 ಸೋತಿದ್ದ ತಂಡವನ್ನು 11 ಗೆಲುವಿಗೆ ತಂದ, 42 ಟಚ್‌ಡೌನ್ ಪಾಸ್ ಕೊಟ್ಟ, 2022ರ ಹೈಸ್‌ಮನ್ ಗೆದ್ದ. ಆಮೇಲೆ ಅದೇ ಎಂಟು ತಿಂಗಳು, ಅದೇ "ಬಹುದು", ಅದೇ "ಬೇಕು". 2023 ಅಲ್ಲಿ ಅವನ ಎರಡನೇ ಸೀಸನ್. 30 ಟಚ್‌ಡೌನ್ ಪಾಸ್, ಇಂಟರ್‌ಸೆಪ್ಶನ್ ಹಿಂದಿನ ವರ್ಷದಷ್ಟೇ 5. ಗುರಿ ಹಿಂದಿನ ವರ್ಷಕ್ಕಿಂತ ಸ್ವಲ್ಪ ಹೆಚ್ಚೇ. ತಂಡ ಮಾತ್ರ ಡಿಸೆಂಬರ್‌ಗೂ ಮುಂಚೆ ಐದು ಪಂದ್ಯ ಸೋತಿತ್ತು. ನವೆಂಬರ್ 4ರಂದು ವಾಷಿಂಗ್ಟನ್ ಮೇಲೆ 42 ಪಾಯಿಂಟ್ ಗಳಿಸಿ 52 ಬಿಟ್ಟುಕೊಟ್ಟರು. ಎದುರಾಳಿ ಆ ಪಾಯಿಂಟು ಗಳಿಸುವಾಗ ಕ್ವಾರ್ಟರ್‌ಬ್ಯಾಕ್ ಮೈದಾನದ ಹೊರಗೆ ನಿಂತು ನೋಡ್ತಾ ಇರ್ತಾನೆ. ಮರುದಿನ ಡಿಫೆನ್ಸ್ ಕೋಚ್‌ನ ಕೆಲಸ ಹೋಯಿತು. ಅವತ್ತು ಪಂದ್ಯ ಮುಗಿದ ಮೇಲೆ ಕೇಲೆಬ್ ಗ್ಯಾಲರಿಯಲ್ಲಿದ್ದ ಅಮ್ಮನ ಹತ್ತಿರ ಹೋಗಿ ಅವರನ್ನು ತಬ್ಬಿ ಅತ್ತ. ಕ್ಯಾಮೆರಾ ಅದನ್ನು ದೇಶಕ್ಕೆಲ್ಲ ತೋರಿಸಿತು. ವಾರವಿಡೀ ಚರ್ಚೆ ಆಯಿತು: ಹೀಗೆ ಅಳುವವನು ವೃತ್ತಿಪರ ತಂಡ ನಡೆಸಬಲ್ಲನಾ? ಇಪ್ಪತ್ತೆರಡು ತುಂಬೋಕೆ ಎರಡು ವಾರ ಬಾಕಿ ಇದ್ದ ಹುಡುಗ. ಗೆಲ್ಲಲೂಬೇಕು, ಸೋತಾಗ ಹೇಗೆ ಸೋಲಬೇಕು ಅನ್ನೋದನ್ನೂ ನಾವೇ ಹೇಳಿಕೊಡಬೇಕು.

ಫಲದ ಆಸೆ ಬಿಟ್ಟು ಕೆಲಸ ಮಾಡು ಅಂತ ಗೀತೆಯ ಹೆಸರಲ್ಲಿ ನಾವು ಮಾಡುವವನಿಗೆ ಮಾತ್ರ ಹೇಳ್ತೀವಿ. ಆಫೀಸಿನ ಗೋಡೆಯ ಮೇಲೂ ಹಾಕಿರ್ತಾರೆ, ಕೆಲಸ ಮಾಡುವವರು ಕೂರುವ ಕಡೆಗೆ ಮುಖ ಮಾಡಿ. ಕುರುಕ್ಷೇತ್ರದಲ್ಲಿ ಗ್ಯಾಲರಿ ಇರಲಿಲ್ಲ. ಇದ್ದಿದ್ದರೆ ಅಲ್ಲಿ ಕೂತವರಿಗೆ ಕೃಷ್ಣ ಏನು ಹೇಳ್ತಿದ್ದ ಅಂತ ನಾನು ಎಷ್ಟೋ ಸಲ ಯೋಚಿಸಿದ್ದೀನಿ.

ರ‍್ಯಾಟ್ಲರ್ ಆ ವರ್ಷದ ಕೊನೆಗೆ ಸೌತ್ ಕೆರೊಲಿನಾಗೆ ಹೋದ. 2022ರ ನವೆಂಬರಿನಲ್ಲಿ ಐದನೇ ರ‍್ಯಾಂಕಿನಲ್ಲಿದ್ದ ಟೆನೆಸಿ ಮೇಲೆ ಒಂದೇ ಪಂದ್ಯದಲ್ಲಿ 6 ಟಚ್‌ಡೌನ್ ಪಾಸ್ ಕೊಟ್ಟು 63-38ರಿಂದ ಗೆಲ್ಲಿಸಿದ. ಮುಂದಿನ ವಾರ ಕ್ಲೆಮ್ಸನ್ ಮೇಲೆ ಒಂದು ಪಾಯಿಂಟಿನ ಗೆಲುವು. 2023ರಲ್ಲಿ, ಅಲ್ಲಿನ ಅವನ ಎರಡನೇ ವರ್ಷದಲ್ಲಿ, ತಂಡ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. 2024ರಲ್ಲಿ ಕೇಲೆಬ್‌ನನ್ನು ಶಿಕಾಗೋದವರು ಎಲ್ಲರಿಗಿಂತ ಮೊದಲು ಆರಿಸಿಕೊಂಡರು, ರ‍್ಯಾಟ್ಲರ್‌ನನ್ನು ಐದನೇ ಸುತ್ತಿನಲ್ಲಿ ನ್ಯೂ ಆರ್ಲಿಯನ್ಸ್‌ನವರು.

ಆ ಟೆಕ್ಸಸ್ ಪಂದ್ಯದಲ್ಲಿ ಇನ್ನೊಂದು ಸಣ್ಣ ಸಂಗತಿ ನಡೆದಿತ್ತು. ಗೆಲುವಿನ ಗದ್ದಲದಲ್ಲಿ ಅದನ್ನು ಹೆಚ್ಚು ಜನ ನೆನಪಿಟ್ಟುಕೊಂಡಿಲ್ಲ. ಕೊನೆಯ ಕ್ವಾರ್ಟರಿನಲ್ಲಿ ಕೇಲೆಬ್ ಒಂದು ಟಚ್‌ಡೌನ್ ಎಸೆದ ಮೇಲೆ ಓಕ್ಲಹೋಮ ಎರಡು ಪಾಯಿಂಟ್ ಹಿಂದಿತ್ತು. ಟಚ್‌ಡೌನ್ ಆದ ಮೇಲೆ ಸಿಗುವ ಒಂದೇ ಒಂದು ಹೆಚ್ಚುವರಿ ಅವಕಾಶಕ್ಕೆ ರ‍್ಯಾಟ್ಲರ್‌ನನ್ನು ಕರೆದರು. ಬೆಂಚಿನ ಮೇಲೆ ಕೂತಿದ್ದವನು ಹೆಲ್ಮೆಟ್ ಹಾಕಿಕೊಂಡು ಓಡಿ ಬಂದ. ಚೆಂಡು ತಗೊಂಡ, ಡ್ರೇಕ್ ಸ್ಟೂಪ್ಸ್ ಕೈಗೆ ಎಸೆದ. 41-41. ಮತ್ತೆ ಹೋಗಿ ಕೂತ.